ತಿರುಗಿ ನೋಡದ ತಾಯಿ

ಬಗ್ ಸರಿಹೋಗಿದೆ ಎಂಬ ಕಾರಣಕ್ಕೆ ಹಣೆ ಚಚ್ಚಿಕೊಳ್ಳುವ ಗತಿ ಇನ್ಯಾವ ಟೆಸ್ಟರ್‌ಗೂ ಬಂದಿರಲಿಕ್ಕಿಲ್ಲ. ತಗಾದೆಮ್ಮನಿಗೆ ಬಂದಿತ್ತು. ಅದೂ ಬೆಳಿಗ್ಗೆ ಒಂಬತ್ತೂವರೆಗೆ, ಇನ್ನೂ ಕಾಫಿ ಕುಡಿದಿರದ ಹೊತ್ತಿನಲ್ಲಿ.

ತಗಾದೆಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರೇನೂ ಅಲ್ಲ. ಆ ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಹದಿನಾಲ್ಕು ವರ್ಷದಿಂದ ಆಟಗಳನ್ನು ಆಡಿ ಆಡಿ ತಪ್ಪು, ಅಂದರೆ ಬಗ್, ಹುಡುಕುವುದೇ ಅವಳ ಕಸುಬು. ಊಟದ ಕೋಣೆಯ ಕುರ್ಚಿಯಿಂದ ಹಿಡಿದು ಲಿಫ್ಟಿನ ಗುಂಡಿಯವರೆಗೆ ಅವಳು ತಗಾದೆ ತೆಗೆಯದ ವಸ್ತು ಆ ಕಟ್ಟಡದಲ್ಲಿರಲಿಲ್ಲ. ಹೆಸರು ಮೊದಲು ಅವಳ ಬೆನ್ನ ಹಿಂದೆ ಓಡಾಡಿತು, ಎರಡು ವರ್ಷದಲ್ಲಿ ಎದುರಿಗೇ ಬಂತು. ಅವಳೂ ಬೇಡವೆನ್ನಲಿಲ್ಲ.

"ಅಕ್ಕ, ತಿರುಗಿಬಿಟ್ಲು!" ಎಂದು ಖುಷಿಯಲ್ಲಿ ಕೂಗಿದವಳು ಹೊಸದಾಗಿ ಸೇರಿದ್ದ ಪ್ರೋಗ್ರಾಮರ್. "ಬಾಗಿಲಿಂದೇ ತೊಂದರೆ ಇದ್ದದ್ದು ನೋಡಿ. ಒಂದೇ ಒಂದು ಸಾಲು ಬದಲಾಯಿಸಿದೆ, ತಾಯಿ ಆರಾಮಾಗಿ ತಿರುಗಿದ್ಲು!"

ತಗಾದೆಮ್ಮ ಹಣೆ ಚಚ್ಚಿಕೊಂಡಳು. ಪರದೆಯ ಕಡೆ ನೋಡದೆಯೇ, "ಆಫ್ ಮಾಡು ಮಹಾತಾಯಿ, ಮೊದಲು ಅದನ್ನ ಆಫ್ ಮಾಡು," ಎಂದಳು.

"ಯಾಕಕ್ಕ? ಸರಿಹೋಯ್ತಲ್ಲ?"

"ಸರಿಹೋಗಿದ್ದೇ ತೊಂದರೆ ಕಣೇ."

ಅದು ಹೇಗೆ ತೊಂದರೆ ಎಂದು ತಿಳಿಯಬೇಕಾದರೆ 'ದಾರಿ'ಯ ಕತೆ ಗೊತ್ತಿರಬೇಕು. ಸ್ಟುಡಿಯೋ ಹನ್ನೊಂದು ವರ್ಷದ ಹಿಂದೆ ಹೊರತಂದ ಆಟ ಅದು. ಒಬ್ಬ ಮಗ ಬೆಟ್ಟ, ಮರುಭೂಮಿ, ಹಾಳೂರುಗಳನ್ನೆಲ್ಲ ದಾಟಿಕೊಂಡು ಮನೆಗೆ ವಾಪಸಾಗುತ್ತಾನೆ. ಆಡುವವರಿಗೆ ಮೂವತ್ತು ಗಂಟೆ ಹಿಡಿಯುತ್ತದೆ. ಕೊನೆಗೊಮ್ಮೆ ಬಾಗಿಲು ತೆರೆದು ಅಡುಗೆಮನೆಗೆ ಕಾಲಿಟ್ಟರೆ, ತಾಯಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಾಳೆ. ಮಗ "ಅಮ್ಮಾ" ಎನ್ನುತ್ತಾನೆ. ಅವಳು ತಿರುಗುವುದಿಲ್ಲ. ಅಷ್ಟೇ, ಆಟ ಮುಗಿಯಿತು. ಜಗತ್ತು ಗೊಳೋ ಎಂದು ಅತ್ತಿತು. ಆ ಬೆನ್ನಿನ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರಿದ್ದಾರೆ. ಆ ಬೆನ್ನಿನ ಚಿತ್ರದ ಟೀ ಶರ್ಟುಗಳು ಬಂದವು. ಬೆನ್ನನ್ನು ಎದೆಯ ಮೇಲೆ ಛಾಪಿಸಿದ್ದರು, ಅದಕ್ಕೂ ತಗಾದೆಮ್ಮ ತಗಾದೆ ತೆಗೆದಿದ್ದಳು. ಊರೂರಿನ ಪ್ರಶಸ್ತಿಗಳು ಬಂದು ಸ್ವಾಗತ ಕೊಠಡಿಯ ಗಾಜಿನ ಕಪಾಟಿನಲ್ಲಿ ಕೂತವು. ಸ್ಟುಡಿಯೋದ ಯಜಮಾನರು, ಎಲ್ಲರ ಬಾಯಲ್ಲೂ 'ದೊಡ್ಡವರು', ಪ್ರತಿ ಸಂದರ್ಶನದಲ್ಲೂ ಕಣ್ಣು ಅರ್ಧ ಮುಚ್ಚಿಕೊಂಡು ಅದೇ ಮಾತು ಹೇಳುತ್ತಿದ್ದರು: "ತಾಯಿ ತಿರುಗಬಾರದು ಅಂತ ನಾವು ನಿರ್ಧರಿಸಿದೆವು."

ನಿರ್ಧಾರವಂತೆ, ಅವರ ತಲೆ! ತಾಯಿ ತಿರುಗಬೇಕಾಗಿತ್ತು. ಬಾಗಿಲು ಮುಚ್ಚಿತು ಎಂಬ ಸುದ್ದಿ ಸಿಕ್ಕಮೇಲೆ ಅವಳು ತಿರುಗಬೇಕು ಎಂದು ಬರೆದಿದ್ದರು. ಕೊನೆಯ ವಾರ ಯಾರೋ ಹೊಸ್ತಿಲನ್ನು ಕೂದಲೆಳೆಯಷ್ಟು ಎತ್ತರಿಸಿದರು. ಬಾಗಿಲು ಹೊಸ್ತಿಲಿಗೆ ತಾಗಿ ಪೂರ್ತಿ ಮುಚ್ಚಲೇ ಇಲ್ಲ. ಸುದ್ದಿ ಬರಲಿಲ್ಲ, ತಾಯಿ ಕಾದಳು, ಈಗಲೂ ಕಾಯುತ್ತಿದ್ದಾಳೆ. ಇಷ್ಟೇ ಆ ಮಹಾ ನಿರ್ಧಾರದ ಹಿಂದಿನ ಗುಟ್ಟು.

ಈಗ 'ದಾರಿ'ಯನ್ನು ಹೊಸ ಯಂತ್ರಗಳಿಗೆ ಒಗ್ಗಿಸಿ ಮತ್ತೆ ಬಿಡುವ ತಯಾರಿ ನಡೆದಿತ್ತು. ಹಳೆಯ ಬಗ್‌ಗಳ ಪಟ್ಟಿಯನ್ನೆಲ್ಲ ಹೊರತೆಗೆದು ಒಂದೊಂದಾಗಿ ಸರಿಮಾಡಿ ಎಂದು ಅಪ್ಪಣೆಯಾಗಿತ್ತು. ಈ ಪ್ರೋಗ್ರಾಮರ್ ಪಾಪ, ಎಲ್ಲವನ್ನೂ ಸರಿಮಾಡಿದಳು.

ಸುದ್ದಿ ತಿಳಿದು ದೊಡ್ಡವರು ಎರಡು ಮೆಟ್ಟಿಲು ಒಟ್ಟಿಗೆ ಹತ್ತಿಕೊಂಡು ಬಂದರು. "ಏನ್ರೀ ಇದು! ಇಡೀ ಪ್ರಪಂಚ ಮೆಚ್ಚಿದ ದೃಶ್ಯಕ್ಕೆ ಕೈ ಹಾಕೋದಾ? ವಾಪಸ್ ಮಾಡಿ, ಮೊದಲಿದ್ದ ಹಾಗೇ ಮಾಡಿ."

"ಅಂದ್ರೆ ಮತ್ತೆ ಕೆಡಿಸಬೇಕಾ ಸರ್?" ಎಂದಳು ತಗಾದೆಮ್ಮ.

"ಕೆಡಿಸೋದಲ್ಲ. ಮೂಲದ ಆಶಯಕ್ಕೆ ಮರಳಿಸೋದು."

"ಆಶಯ ಅಲ್ಲ ಸರ್, ಹೊಸ್ತಿಲು."

ದೊಡ್ಡವರು ಅವಳನ್ನು ಒಂದು ಕ್ಷಣ ನೋಡಿದರು. ಮನುಷ್ಯ ಕೆಟ್ಟವರಲ್ಲ. ಎಲ್ಲರ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಂಡವರು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಕೂತುಬಂದವರು. ಆದರೆ ಅದೇ ಸುಳ್ಳನ್ನು ಹನ್ನೊಂದು ವರ್ಷ ಹೇಳಿ ಹೇಳಿ, ಈಗ ಅವರಿಗೇ ಅದು ನಿಜವಾಗಿಹೋಗಿತ್ತು. "ನೀವೇ ನಮೂದಿಸಿ," ಎಂದರು. "ತಾಯಿ ತಿರುಗುತ್ತಾಳೆ, ಇದು ದೋಷ. ದರ್ಜೆ ಒಂದು. ಮೂರು ಗಂಟೆಗೆ ಪತ್ರಕರ್ತೆ ಬರ್ತಿದ್ದಾರೆ, ಅಷ್ಟರಲ್ಲಿ ಆಗಬೇಕು."

ಅತಿ ಗಂಭೀರ ತಪ್ಪಿಗೆ ಹಾಕುವ ದರ್ಜೆ ಒಂದು ಎಂದದ್ದೇ ತಡ, ತಗಾದೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ತನ್ನ ಮೇಜಿಗೆ ಬಂದಳು. ಬರುವಷ್ಟರಲ್ಲಿ ಫೋನು ಅರಚುತ್ತಿತ್ತು. ಅಣ್ಣ.

ಅವಳ ಅಣ್ಣ ಒಂದು ಕಾಲದಲ್ಲಿ ಇದೇ ಸ್ಟುಡಿಯೋದ ಶಿಲ್ಪಿ. ಕಲ್ಲಿನ ಶಿಲ್ಪಿಯಲ್ಲ, ಪರದೆಯ ಮೇಲೆ ಮನುಷ್ಯರ ಮುಖ ಮೈ ರೂಪಿಸುವವನು. 'ದಾರಿ'ಯ ಆ ತಾಯಿಯನ್ನು ಮಾಡಿದವನು ಅವನೇ. ಅದಕ್ಕೆ ಹಿಂದಿನ ವರ್ಷವಷ್ಟೇ ಅವರ ಅಮ್ಮ ತೀರಿಕೊಂಡಿದ್ದಳು. ಅಣ್ಣ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಅಮ್ಮನ ಮುಖ ಮಾಡಿದ. "ಮುಗಿಯೋ ತನಕ ಯಾರೂ ನೋಡಬೇಡಿ, ನೀನೂ ಅಷ್ಟೇ. ಆಟ ಆಡಿಕೊಂಡು ಬಾ, ಕೊನೇಲಿ ನೋಡು," ಎಂದಿದ್ದ. ತಗಾದೆಮ್ಮ ಆಡಿಕೊಂಡು ಹೋದಳು. ಅಮ್ಮ ತಿರುಗಲಿಲ್ಲ. ಆಟ ಹಾಗೆಯೇ ಮಾರುಕಟ್ಟೆಗೆ ಹೋಯಿತು. ದೊಡ್ಡವರ ಮೊದಲ ಸಂದರ್ಶನ ಬಂದ ದಿನ ಅಣ್ಣ ರಾಜೀನಾಮೆ ಬಿಸಾಕಿ ಹೋದ. ಈಗ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿದ್ದಾನೆ. "ನನ್ನ ಹಲ್ಲನ್ನ ಜನ ಬಾಯಿ ಬಿಟ್ಟು ತೋರಿಸ್ತಾರಾದ್ರೂ," ಎಂದು ಸಿಕ್ಕವರಿಗೆಲ್ಲ ಹೇಳುತ್ತಾನೆ. ನಗುವ ಮಾತೆಂದು ಜನ ನಗುತ್ತಾರೆ. ಅವನು ನಗುವುದಿಲ್ಲ.

"ಪಟ್ಟಿ ಸಿಕ್ತಾ?" ಎಂದ ಅಣ್ಣ, ಹಲೋ ಕೂಡ ಅನ್ನದೆ.

"ಯಾವ ಪಟ್ಟಿ?"

"ಏನೂ ಗೊತ್ತಿಲ್ಲದವಳ ಥರ ಆಡಬೇಡ ಕಣೇ. ಹಳೇ ಬಗ್ ಪಟ್ಟಿ. ಅಳಿಸಿಹೋಗಿದೆ ಅಂತ ಇಷ್ಟು ವರ್ಷ ಕಾಗೆ ಹಾರಿಸ್ದೆ. ಈಗ ಅದನ್ನೇ ಹೊರಗೆ ತೆಗೆದಿದಾರಂತೆ. ಆ ಪತ್ರಕರ್ತೆ ನಂಗೇ ಹೇಳಿದ್ಲು. ಈ ಸ್ಟುಡಿಯೋ ತನಗಿರೋ ಹೆಸರಿಗೆ ಯೋಗ್ಯವಾ ಅಂತ ದೊಡ್ಡ ಲೇಖನ ಬರೀತಿದಾಳೆ. ತಿರುಗದೇ ಇದ್ದದ್ದು ತಪ್ಪಿಂದ ಅನ್ನೋದಕ್ಕೆ ದಾಖಲೆ ಇದೆ ಅಂತ ಹೇಳಿದೀನಿ. ಎರಡು ಗಂಟೆಗೆ ಬರ್ತೀನಿ. ಪ್ರಿಂಟ್ ತೆಗೆದಿಡು."

"ಅಣ್ಣ, ಹಳೇದನ್ನೆಲ್ಲ ಈಗ ಕೆದಕಿ—"

"ಹನ್ನೊಂದು ವರ್ಷ ನನ್ನ ಅಮ್ಮನ ಮುಖ ಮುಚ್ಚಿಟ್ಟು ಮೆರೆದಿದಾನೆ ಅವನು. ಒಂದು ಹಾಳೆ ಕೊಡೋಕೆ ನಿಂಗೇನು ಕಷ್ಟ?" ಎಂದು ಫೋನಿಟ್ಟ.

ಕಷ್ಟ ಏನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ತಗಾದೆಮ್ಮ ಪಟ್ಟಿ ತೆರೆದು ಆ ಒಂದು ನಮೂದಿಗೆ ಬಂದಳು. 'ಕೊನೆಯ ದೃಶ್ಯ. ತಾಯಿ ತಿರುಗುವುದಿಲ್ಲ.' ಅದರ ಕೆಳಗೆ ದರ್ಜೆ. ಅದರ ಕೆಳಗೆ ದರ್ಜೆ ಹಾಕಿದವರ ಹೆಸರು.

ಈ ದರ್ಜೆಯ ಪದ್ಧತಿ ಸರಳ. ತಪ್ಪು ಕಂಡುಹಿಡಿದ ಟೆಸ್ಟರೇ ಅದಕ್ಕೊಂದು ಅಂಕಿ ಹಾಕಬೇಕು. ಆಟವೇ ನಿಂತುಹೋದರೆ ಒಂದು. ಆಡುವವರಿಗೆ ಮುಂದೆ ಹೋಗಲಾಗದಿದ್ದರೆ ಎರಡು. ಕಿರಿಕಿರಿಯಾದರೆ ಮೂರು. ಮೇಜಿನ ಮೇಲಿನ ಲೋಟ ಬೆರಳಗಲ ಗಾಳಿಯಲ್ಲಿ ತೇಲುತ್ತಿದ್ದರೆ, ಅಂಥ ಚಿಲ್ಲರೆ ಸಂಗತಿಗಳಿಗೆ ನಾಲ್ಕು. ಅಮ್ಮ ತಿರುಗದ್ದಕ್ಕೆ ನಾಲ್ಕು ಎಂದಿತ್ತು. ಹಾಕಿದವಳು ತಗಾದೆಮ್ಮ.

ಆ ವಾರ ಅವಳಿಗೆ ನಿದ್ದೆ ನೀರು ಒಂದೂ ಇರಲಿಲ್ಲ. ಅದಕ್ಕೆ ಹದಿನೈದು ದಿನ ಮುಂಚೆ ಅಣ್ಣ ಮಾಡಿದ ಕುದುರೆಯ ಬಾಲ ನೆಲದೊಳಕ್ಕೆ ಹೋಗುತ್ತಿದೆಯೆಂದು ದರ್ಜೆ ಎರಡು ಹಾಕಿದ್ದಳು. ಸಭೆಯಲ್ಲಿ ತಂಡದ ಮುಖ್ಯಸ್ಥ, "ತಂಗಿ ಟೆಸ್ಟರ್ ಆಗಿದ್ರೆ ಅಣ್ಣನ ಕುದುರೆ ಬಾಲಕ್ಕೂ ರಾಜಮರ್ಯಾದೆ!" ಎಂದ. ಇಡೀ ಸಭೆ ಹೋ ಎಂದು ನಕ್ಕಿತು. ಅವಳಿಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು. ತಾನು ಪಕ್ಷಪಾತಿಯಲ್ಲ, ಯಾರ ಮುಲಾಜಿಗೂ ಬೀಳುವವಳಲ್ಲ ಎಂಬುದೇ ಅವಳಿಗಿದ್ದ ದೊಡ್ಡ ಜಂಬ. ಅಮ್ಮ ತಿರುಗದಿದ್ದಾಗ ಬೆರಳು ಮೊದಲು ಎರಡರ ಮೇಲೆ ಹೋಯಿತು. ಆ ನಗು ಕಿವಿಯಲ್ಲಿ ಕೇಳಿಸಿತು. ಮೂರಕ್ಕೆ ಬಂದಳು. ಸಾಲದೆನಿಸಿ ನಾಲ್ಕು ಒತ್ತಿದಳು. ನೋಡಲಿ, ಅಣ್ಣನಾದರೆ ನನಗೇನು ಎಂದುಕೊಂಡಳು. ನಾಳೆ ಬೇಕಾದರೆ ಬದಲಾಯಿಸಿದರಾಯಿತು ಎಂದೂ ಅಂದುಕೊಂಡಳು. ಮರುದಿನ ಬೆಳಿಗ್ಗೆ ಮೂರು ಮತ್ತು ನಾಲ್ಕನೇ ದರ್ಜೆಯವನ್ನೆಲ್ಲ ನೋಡದೆಯೇ ಮುಚ್ಚಿಬಿಡಿ ಎಂದು ಅಪ್ಪಣೆಯಾಯಿತು. ಲಿಫ್ಟಿನ ಗುಂಡಿಗೂ ತಗಾದೆ ತೆಗೆಯುವವಳು ಆ ಬೆಳಿಗ್ಗೆ ಬಾಯಿ ಬಿಡಲಿಲ್ಲ. ಬಿಟ್ಟರೆ ಮತ್ತೆ ನಗುತ್ತಾರಲ್ಲ.

ಇನ್ನೂ ನಾಚಿಕೆಗೇಡಿನ ಸಂಗತಿ ಬೇರೆಯಿತ್ತು. ದೊಡ್ಡವರು "ನಾವು ನಿರ್ಧರಿಸಿದೆವು" ಎಂದು ಮೊದಲ ಸಲ ಅಂದ ದಿನ ಅಣ್ಣ ಸಿಟ್ಟಿನಿಂದ ನಡುಗುತ್ತಿದ್ದ, ಇವಳಿಗೆ ಮಾತ್ರ ಹೋದ ಜೀವ ಬಂದ ಹಾಗಾಗಿತ್ತು. ಸದ್ಯ, ಬೇರೆ ಯಾರೋ ಹೊಣೆ ಹೊತ್ತುಕೊಂಡರಲ್ಲ! ಆಮೇಲೆ ಹನ್ನೊಂದು ವರ್ಷ ಅಣ್ಣನ ಜೊತೆ ಕೂತು ದೊಡ್ಡವರನ್ನು ಬೈದಿದ್ದಳು. ಅವನಿಗಿಂತ ಒಂದು ಮಾತು ಹೆಚ್ಚೇ ಬೈದಿದ್ದಳು. ಎಂಥ ಹೆಂಗಸು ನಾನು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಳಿಸಿಬಿಡಬಹುದಿತ್ತು. ಅಳಿಸುವ ಅಧಿಕಾರ ಅವಳಿಗಿತ್ತು. ಹತ್ತು ನಿಮಿಷ ಬೆರಳು ಆಡಿಸುತ್ತಾ ಕೂತಳು. ಕೊನೆಗೆ, "ಥೂ, ಸಾಯಲಿ," ಎಂದು ಪ್ರಿಂಟ್ ಕೊಟ್ಟಳು.

ಅಣ್ಣ ಎರಡಕ್ಕೆ ಐದು ನಿಮಿಷವಿರುವಾಗಲೇ ಬಂದ. ಕಾವಲಿನವರು ಕೊಟ್ಟ 'ಅತಿಥಿ' ಎಂಬ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡಿದ್ದ, ಅದಕ್ಕೂ ಅವನಿಗೆ ಕೋಪ. ಉಗುರಿನ ಸಂದಿಯಲ್ಲಿ ಹಲ್ಲಿನ ಅಚ್ಚಿನ ಗುಲಾಬಿ ಮೇಣ ಇತ್ತು.

"ಎಲ್ಲಿ?"

ಅವಳು ಹಾಳೆ ಕೊಟ್ಟಳು. ಓದಿದ. ಮುಖ ಅರಳಿತು. "ನೋಡಿದ್ಯಾ! ತಿರುಗುವುದಿಲ್ಲ ಅಂತ ದಾಖಲೆಯೇ ಇದೆ. ಇವತ್ತು ಇವನ ನಿರ್ಧಾರ ಎಲ್ಲ..." ಎನ್ನುತ್ತಿದ್ದವನು ಕೆಳಗಿನ ಸಾಲಿಗೆ ಬಂದು ನಿಂತ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದ.

"ಇದು ನೀನಾ?"

"ಹೂಂ."

"ಅಮ್ಮನಿಗೆ ನಾಲ್ಕು ಹಾಕಿದ್ಯಾ?"

ಅವಳು ಕುದುರೆ ಬಾಲದಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ತಡವರಿಸಿದಳು, ನಡುವೆ ಮೂಗು ಒರೆಸಿಕೊಂಡಳು, ಒಂದನ್ನೂ ಬಿಡಲಿಲ್ಲ. ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದಳು. ಅಣ್ಣ ಕುರ್ಚಿ ಎಳೆದುಕೊಂಡು ಕೂತ, ಅಷ್ಟೇ. "ನಾನು ಅವನ ಮುಖಕ್ಕೆ ಉಗಿದು ಬಂದೆ," ಎಂದ. "ಇದ್ದ ಕೆಲಸ ಬಿಟ್ಟೆ. ನೀನು ಪಕ್ಕದಲ್ಲೇ ನಿಂತಿದ್ದೆ. ನೋಡ್ತಾ ನಿಂತಿದ್ದೆಯಲ್ಲೇ."

"ಹೌದು ಅಣ್ಣ."

"ಹೌದು ಅಂತೆ! ಹೌದು ಅಂತಾಳೆ!" ಎಂದು ಮೇಜು ಗುದ್ದಿದ. ಪಕ್ಕದ ಕೋಣೆಯಲ್ಲಿ ಯಾರೋ ಮಾತು ನಿಲ್ಲಿಸಿದರು.

ಅವಳಿಗೆ ಬೇರೇನೂ ತೋಚಲಿಲ್ಲ. "ಈಗ ತಿರುಗ್ತಾಳೆ. ಇವತ್ತು ಬೆಳಿಗ್ಗೆ ಸರಿಮಾಡಿದಾರೆ. ನಾನಿನ್ನೂ ನೋಡಿಲ್ಲ. ನಿನ್ನ ಜೊತೆಗೇ ನೋಡಬೇಕು ಅಂತ," ಎಂದು ಪರದೆಯನ್ನು ಅವನ ಕಡೆ ತಿರುಗಿಸಿ ಕೊನೆಯ ದೃಶ್ಯ ಹಾಕಿದಳು.

ಬಾಗಿಲು ತೆರೆಯಿತು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ತುರುಬು ಎಡಕ್ಕೆ ಜಾರಿತ್ತು. ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿ, ಒಂದು ಕೈಯನ್ನು ಸೊಂಟದ ನೋವಿನ ಜಾಗಕ್ಕೆ ಒತ್ತಿಕೊಂಡಿದ್ದಳು. ಮಗ "ಅಮ್ಮಾ" ಎಂದ. ಬಾಗಿಲು ಪೂರ್ತಿ ಮುಚ್ಚಿತು. ಅಮ್ಮ ತಿರುಗಿದಳು.

ಇಬ್ಬರೂ ನೋಡಿದರು.

ಅದು ಅಮ್ಮನಲ್ಲ. ಹಣೆ, ಹುಬ್ಬು ಎಲ್ಲ ಅಳತೆಗೆ ಸರಿಯಿದ್ದವು. ಕಣ್ಣಿನ ಸುತ್ತ ಒಂದೊಂದು ಗೆರೆಯೂ ಇತ್ತು. ಆದರೆ ಆ ಮುಖ ಯಾರದೋ. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸಿದ ಬೊಂಬೆ ವಯಸ್ಸಾಗಿ ನಕ್ಕರೆ ಹೇಗಿರುತ್ತದೋ ಹಾಗಿತ್ತು.

"ಇನ್ನೊಂದು ಸಲ," ಎಂದ ಅಣ್ಣ.

ಅವಳು ಹಾಕಿದಳು. ಮೂರನೇ ಸಲವೂ ಹಾಕಿದಳು. ನಾಲ್ಕನೇ ಸಲ ಅವನು ಪರದೆಯ ಹತ್ತಿರ ಬಾಗಿ, "ಬಾಯಿ ತಪ್ಪು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸಗಾರನ ಲೆಕ್ಕಾಚಾರವಿತ್ತು. "ಅಮ್ಮನಿಗೆ ಎಡಗಡೆ ಮೇಲಿನ ಮೂರು ದವಡೆ ಹಲ್ಲು ಇರಲಿಲ್ಲ. ಆ ಕಡೆ ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಸೊಟ್ಟ ಆಗ್ತಿತ್ತು. ನಾನು ಸಾಲಾಗಿ ಹಲ್ಲು ಕೂರಿಸಿದೀನಿ. ಆಗ ನನಗೆ ಹಲ್ಲಿನ ವಿಷಯ ಏನು ಗೊತ್ತಿತ್ತು, ಮಣ್ಣು."

"ಬೆನ್ನು ಮಾತ್ರ ಅಮ್ಮನೇ," ಎಂದಳು ತಗಾದೆಮ್ಮ.

"ಬೆನ್ನು ಎರಡು ದಿನದಲ್ಲಿ ಮಾಡಿದ್ದು ಕಣೇ. ಯೋಚನೆ ಕೂಡ ಮಾಡ್ಲಿಲ್ಲ. ಅಡುಗೆಮನೇಲಿ ಅವಳನ್ನ ನಾವು ನೋಡಿದ್ದೇ ಹಾಗಲ್ವಾ," ಎಂದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಅದನ್ನೇನು ಮಾಡುತ್ತೀ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಮೂರು ಗಂಟೆಗೆ ಸಭೆಯ ಕೋಣೆಗೆ ಎಲ್ಲರೂ ಬಂದರು. ಪತ್ರಕರ್ತೆ ನೇರ ಮಾತಿನ ಹೆಂಗಸು, ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡಿದ್ದಳು. ದೊಡ್ಡವರು ಅಣ್ಣನನ್ನು ಕಂಡು ಬಿಳಿಚಿಕೊಂಡರು, ಆದರೂ ಎದ್ದು ಕುರ್ಚಿ ತೋರಿಸಿದರು. ಆಮೇಲೆ ಕಣ್ಣು ಅರ್ಧ ಮುಚ್ಚಿಕೊಂಡು ಅದೇ ರೈಲು ಬಿಟ್ಟರು. ಪತ್ರಕರ್ತೆ ಅದನ್ನು ಬರೆದುಕೊಳ್ಳಲೂ ಇಲ್ಲ. ಅಣ್ಣನ ಕಡೆ ತಿರುಗಿ, "ಅದು ನಿರ್ಧಾರ ಅಲ್ಲ, ತಪ್ಪು, ದಾಖಲೆ ತರ್ತೀನಿ ಅಂತ ಹೇಳಿದ್ರಿ. ತಂದಿದೀರಾ?" ಎಂದಳು.

ದೊಡ್ಡವರ ಕೈ ಮೇಜಿನ ಅಂಚು ಹಿಡಿದುಕೊಂಡಿತು. ತಗಾದೆಮ್ಮ ನೆಲ ನೋಡಿದಳು.

"ದಾಖಲೆ ಏನೂ ಇಲ್ಲ," ಎಂದ ಅಣ್ಣ. "ಸಿಟ್ಟಿನಲ್ಲಿ ಹೇಳಿದ್ದೆ. ತಿರುಗಬಾರದು ಅಂತ ನಾವೇ ನಿರ್ಧರಿಸಿದ್ದು. ತಿರುಗಿದ್ರೆ ಅವಳು ಯಾರೋ ಆಗಿಬಿಡ್ತಿದ್ಲು."

ಪತ್ರಕರ್ತೆ ಪೆನ್ನು ಕೆಳಗಿಟ್ಟಳು. ದೊಡ್ಡವರ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅವರು ಅಣ್ಣನ ಭುಜದ ಮೇಲೆ ಕೈಯಿಟ್ಟರು, ಅಣ್ಣ ಕೊಡವಲಿಲ್ಲ. ತಂಗಿಯ ಕಡೆ ಮಾತ್ರ ನೋಡಲಿಲ್ಲ.

ತಗಾದೆಮ್ಮನಿಗೆ ಮೈ ಪರಚಿಕೊಳ್ಳುವಂತಾಯಿತು. ಯಾರ ಸುಳ್ಳನ್ನು ಹನ್ನೊಂದು ವರ್ಷ ಬೈದನೋ ಅದೇ ಸುಳ್ಳನ್ನು ಅವನು ತಂಗಿಗಾಗಿ ತಾನೇ ಹೇಳಿ ಕೂತಿದ್ದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಾತು ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ಹೇಗೆ ತಡೆದುಕೊಳ್ಳುವುದು?

"ಸರಿ ಹಾಗಾದ್ರೆ," ಎಂದು ಪತ್ರಕರ್ತೆ ಪುಸ್ತಕ ಮುಚ್ಚುತ್ತಾ, ಲೋಕಾಭಿರಾಮಕ್ಕೆಂಬಂತೆ ಅವಳನ್ನು ಕೇಳಿದಳು: "ನೀವು ಟೆಸ್ಟರ್ ಅಲ್ವಾ ಮೇಡಂ? ಇವರಿಗಿರೋ ಹೆಸರಿಗೆ ಇವರು ಯೋಗ್ಯರು ಅಂತ ನಿಮಗನಿಸುತ್ತಾ?"

"ಆ ಬೆನ್ನಿಗೆ ಎಷ್ಟು ಹೆಸರು ಬಂದ್ರೂ ಕಡಿಮೆಯೇ," ಎಂದಳು ತಗಾದೆಮ್ಮ. "ಅದನ್ನ ಮಾಡಿದ್ದು ನಮ್ಮಣ್ಣ. ಅದು ನಮ್ಮಮ್ಮನ ಬೆನ್ನು. ಇನ್ನು ನಿರ್ಧಾರ ಅಂತೀರಲ್ಲ, ಅದನ್ನ ಯಾರೂ ಮಾಡಿಲ್ಲ. ಇವರೂ ಮಾಡಿಲ್ಲ, ಅವನೂ ಮಾಡಿಲ್ಲ. ಬಾಗಿಲು ಮುಚ್ಚುತ್ತಿರಲಿಲ್ಲ. ಅದನ್ನ ನಾನು ನೋಡ್ದೆ. ನೋಡಿ ದರ್ಜೆ ನಾಲ್ಕು ಹಾಕ್ದೆ. ಹಾಳೆ ಅವನ ಜೇಬಿನಲ್ಲಿದೆ."

"ಅಯ್ಯೋ ನಿನ್ನ!" ಎಂದು ಅಣ್ಣ ತಲೆ ಹಿಡಿದುಕೊಂಡ. "ಒಂದು ಸಲ, ಒಂದೇ ಒಂದು ಸಲ ಬಾಯಿ ಮುಚ್ಕೊಂಡು ಕೂರೋಕಾಗಲ್ವೇನೇ ನಿಂಗೆ?"

"ಆಗಲ್ಲ! ಒಂದು ಸಲ ಕೂತು ನೋಡಿದೀನಿ!"

ಪತ್ರಕರ್ತೆ ಪುಸ್ತಕವನ್ನು ಮತ್ತೆ ತೆರೆದಳು. "ದರ್ಜೆ ನಾಲ್ಕು ಅಂದ್ರೆ ಏನು ಅರ್ಥ?"

ಹದಿನಾಲ್ಕು ವರ್ಷ ಹೊಸಬರಿಗೆಲ್ಲ ಪಾಠ ಹೇಳಿಕೊಟ್ಟ ವಿಷಯ. ತಗಾದೆಮ್ಮ ಒಂದರಿಂದ ಶುರುಮಾಡಿ ಮೂರರವರೆಗೆ ಹೇಳಿ, ಅಣ್ಣನ ಕಡೆ ನೋಡಿದಳು.

ಅಣ್ಣ ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. ಮಡಿಕೆಗಳನ್ನು ಅಂಗೈಯಿಂದ ಸವರಿ ಸರಿಮಾಡಿದ. "ಇಲ್ಲದಿದ್ರೂ ನಡೆಯುತ್ತೆ ಅಂತ ಅರ್ಥ," ಎಂದ.

"ನಡೀಲಿಲ್ಲ," ಎಂದಳು ತಂಗಿ. "ಅದನ್ನೂ ಬರ್ಕೊಳ್ಳಿ."